ಎಲ್ಲ ಕಾಲ

ಮಳವಳ್ಳಿ ಪೇಟೆ ಬೀದಿ, ಜೆರಾಕ್ಸ್ ಮಿಷನ್ನಿನ ಬೆನ್ನಿಗೆ
ಒಂದು ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಸ್ಟೂಲು, ನಾನು.
ಬೆಳಿಗ್ಗೆ ಷಟರು ಎತ್ತುವ ಮೊದಲೇ
ಮೆಟ್ಟಿಲ ಮೇಲೆ ನೀರಗಂಟಿ ಮಂಚಯ್ಯ.
ಕೆಲಸ ಬಿಟ್ಟು ಒಂಬತ್ತು ವರ್ಷ;
ಕೈ ಮಾತ್ರ ಇನ್ನೂ ತೂಬಿನ ಹಿಡಿಯ ಅಳತೆಗೇ ಮಡಿಚಿಕೊಂಡಿದೆ.

"ಕಟ್ಟೆ ಎಷ್ಟವ್ವಾ ಇವತ್ತು?"

ಕನ್ನಂಬಾಡಿ ನೂರಾ ಎರಡು ಅಡಿ, ಅಂದೆ ಸೋಮವಾರ.
ಮಂಗಳವಾರ ನೂರಾ ಎರಡು.
ಬುಧವಾರವೂ ಅಷ್ಟೇ, ಅಂಗುಲ ಆಚೆಯಿಲ್ಲ ಈಚೆಯಿಲ್ಲ.

ಗುರುವಾರ ಮಂಚಯ್ಯ ಸ್ಟೂಲಿನ ಮೇಲೆ ಕೂರಲಿಲ್ಲ.
"ನೀರು ಅನ್ನೋದು ನಿಂತಲ್ಲಿ ನಿಲ್ಲಲ್ಲ ಕಣವ್ವ.
ಏರ್ತದೆ, ಇಲ್ಲಾ ಇಳೀತದೆ.
ಮೂರು ದಿನ ಒಂದೇ ಲೆಕ್ಕ ಅಂದ್ರೆ
ಸುಳ್ಳು ಹೇಳ್ತಿರೋದು ಕಟ್ಟೆ ಅಲ್ಲ, ನಿನ್ನ ಡಬ್ಬ."

ರೇಗಿತು. ಆಮೇಲೆ ನಾಚಿಕೆಯಾಯಿತು.
ಬಂದವರಿಗೆಲ್ಲ ಪಾಠ ಹೇಳುವವಳು ನಾನೇ:
ಅಕ್ಷರ ಅವರೆಕಾಳಿನಷ್ಟಾದರೆ ಕಂಟ್ರೋಲ್ ಹಿಡಿದು ಸೊನ್ನೆ ಒತ್ತಿ,
ಪಾಸ್‌ವರ್ಡ್ ತಪ್ಪು ಅಂದರೆ ಮೊದಲು ಕ್ಯಾಪ್ಸ್ ಲಾಕಿನ ದೀಪ ನೋಡಿ,
'ಅನುಮತಿಸಲೇ' ಎಂದು ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡಿ,
ಹೂಂ ಅಂದ ಮೆಡಿಕಲ್ ಸ್ಟೋರಿನ ರೈಹಾನಾ ಮೇಡಮ್ಮಿಗೆ
ಈಗಲೂ ಅರ್ಧರಾತ್ರಿ ರಮ್ಮಿ ಆಡಲು ಕರೆ ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ
ನನ್ನದೇ ಉಗ್ರಾಣದ ಬಾಗಿಲು ತೆಗೆದು ನೋಡಿರಲಿಲ್ಲ.

ಬ್ರೌಸರಿಗೆ ಒಂದು ಸೋಮಾರಿತನವಿದೆ,
ಜಾಣತನ ಅಂತಲೂ ಕರೆಯಬಹುದು.
ಒಮ್ಮೆ ತಂದ ಪುಟವನ್ನು ಮಡಚಿ ಒಳಗಿಟ್ಟು
ಮತ್ತೆ ಕೇಳಿದಾಗ ಅದನ್ನೇ ಕೊಡವಿ ಕೊಡುತ್ತದೆ,
ನಿನ್ನೆಯ ಸಾರು ಕುದಿಸಿ ಇಕ್ಕುವ ನನ್ನ ಹಾಗೆ.
ಸಾರಾದರೆ ರುಚಿ ಏರುತ್ತದೆ. ನೀರು?

ಎಫ್ ಐದು ಒತ್ತಿದೆ.
ಚಕ್ರ ತಿರುಗಿತು, ತಿರುಗಿತು, ಮತ್ತೆ ಅದೇ ನೂರಾ ಎರಡು.
"ಹೂಳು ತುಂಬೈತೆ," ಅಂದರು ಮಂಚಯ್ಯ, ಕನ್ನಡಕ ಹಣೆಗೇರಿಸಿ.
"ತೂಬು ಅಲ್ಲಾಡ್ಸಿದ್ರೆ ಸಾಲ್ದು, ಒಳಗಿಂದು ಬಳೀಬೇಕು."

ಬಳಿಯುವ ಪೆಟ್ಟಿಗೆ ತೆರೆದೆ.
ಅದು ಕೇಳಿತು, ಎಷ್ಟು ಕಾಲದ್ದು ಅಳಿಸಲಿ?
ಕೊನೆಯ ಒಂದು ಗಂಟೆ.
ಕೊನೆಯ ಏಳು ದಿನ.
ಎಲ್ಲ ಕಾಲ.

"ಎಲ್ಲ ಕಾಲ ಅಂದ್ರೆ?"
ಎಲ್ಲಾನೂ, ಅಂದೆ.
ಪರದೆಗೆ ಬಗ್ಗಿದರು,
ತೂಬು ಎತ್ತುವ ಮುಂಚೆ ನಾಲೆಯ ಕೆಳಗಡೆ
ಯಾರಾದರೂ ಬಟ್ಟೆ ಒಗೆಯುತ್ತಿದ್ದಾರಾ ಅಂತ ನೋಡುವ ಹಾಗೆ.
"ಕೆಳಗೆ ಯಾರವ್ರೆ ನೋಡ್ಕಂಡು ಎತ್ತವ್ವ."

ಇದ್ದರು.
ಅರ್ಜಿಯ ಖಾಲಿ ಗೆರೆಯಲ್ಲಿ 'ಸಿ' ಒತ್ತಿದರೆ ಸಾಕು
ಸಿಂಗಾರಮ್ಮ, ಸಿದ್ದಪ್ಪಾಜಿ, ಸಿಲ್ವಿಯಾ ಟೀಚರು ಸಾಲಾಗಿ ಬರುತ್ತಾರೆ.
'ಹ' ಅಂದರೆ ಹಲಗೂರು, ಹಾಡ್ಲಿ.
ಹದಿಮೂರು ವರ್ಷ ಈ ಸ್ಟೂಲಿನ ಮೇಲೆ ಕೂತವರ
ಅಪ್ಪನ ಹೆಸರು, ಪಿನ್ ಕೋಡು,
ಒಂದು ದಿನ ಕೈತಪ್ಪಿ ಒತ್ತಿದ 'ಕೆಂಪಮ್ಮಮ್ಮ'.
ಕೆಂಪಮ್ಮ ಹೋಗಿ ಎರಡು ಸಂಕ್ರಾಂತಿಯಾಯಿತು.
ಮರಣ ಪತ್ರದ ಅರ್ಜಿಗೂ ನಾನೇ ಕೂತಿದ್ದೆ;
ಎರಡನೇ ಅಕ್ಷರಕ್ಕೇ ಹೆಸರನ್ನು ಮುಂದೆ ಮಾಡಿತ್ತು,
ಆ ಹೆಚ್ಚಿನ 'ಮ್ಮ' ಸಮೇತ.

ಆ ಚೌಕದ ಟಿಕ್ಕು ತೆಗೆದೆ.
ಪಾಸ್‌ವರ್ಡಿನದ್ದೂ ತೆಗೆದೆ, ಅದು ಬರೀ ಸೋಮಾರಿತನಕ್ಕೆ.
ಕೂಡಿಟ್ಟ ಪುಟ, ಚಿತ್ರ, ಅಷ್ಟು ಮಾತ್ರ ಹೋಗಲಿ.
ಒತ್ತಿದೆ.

ಪುಟ ಬೆಳ್ಳಗಾಯಿತು.
ಒಂದು ಗಳಿಗೆ ಕಟ್ಟೆಯೂ ಇಲ್ಲ, ನೀರೂ ಇಲ್ಲ,
ಹೊರಗೆ ಟೆಂಪೋ ಒಂದು ಹಾರ್ನ್ ಹೊಡೆಯುತ್ತಲೇ ಇತ್ತು.
ಆಮೇಲೆ ಮೇಲಿಂದ ಕೆಳಕ್ಕೆ ನಿಧಾನ ಇಳಿದು ಬಂತು
ನೂರಾ ಒಂಬತ್ತು ಅಡಿ.

"ಕೊಡಗಲ್ಲಿ ಹೊಡೆದೈತೆ ಅಂತ
ನನ್ನ ಮಂಡಿ ಭಾನುವಾರವೇ ಹೇಳಿತ್ತು."
ಬೆರಳು ಮಡಿಸಿ ಎಣಿಸಿದರು, ತುಟಿ ಅಲ್ಲಾಡಿಸುತ್ತ:
ಕಟ್ಟೆ ತೂಬಿನಿಂದ ಮಂಡ್ಯ ದಾಟಿ, ಮದ್ದೂರು ಬಳಸಿ
ನಮ್ಮ ಕೊನೇ ಕಾಲುವೆಗೆ ಎಷ್ಟು ದಿನ.
ಎಷ್ಟೆಂದು ನನಗೆ ಹೇಳಲಿಲ್ಲ.

ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದರು.
"ಹಳೇ ನೀರಿಗೆ ಕೊಟ್ಟಿದ್ದ ಹದಿನೈದು ರೂಪಾಯಿ
ಮುಂದಕ್ಕೆ ಹಿಡ್ಕಳವ್ವ."