ಹುಸಿ ಕಂಡಿಕೆ

ಬೆಟಗೇರಿಯ ನನ್ನ ಔಷಧಿ ಅಂಗಡಿಗೆ
ಶಟರ್ ಅರ್ಧ ಇಳಿದ ಮೇಲೇ ಬರುತ್ತಾಳೆ ತುಳಜವ್ವ ಗಂಜಿ.
ಸೆರಗಿಗಂಟಿದ ನೂಲಿನ ಚೂರು,
ಕೈಯಲ್ಲಿ ನಾಲ್ಕು ಮಡಿಕೆಯ ಲ್ಯಾಬಿನ ಚೀಟಿ.

‘ಮಿರ್ಚಿ ಬಿಟ್ಟು ಎಂಟು ತಿಂಗಳಾತು.
ಒಗ್ಗರಣಿಗೆ ಎಣ್ಣಿ ಹನಿ ಲೆಕ್ಕ.
ಮತ್ತ್ಯಾಕ ಇಳಿದಿಲ್ಲ ಈ ಎರಡುನೂರಾ ನಲವತ್ತು?
ನಾ ತಿನ್ನದ ಕೊಬ್ಬು
ನನ್ನ ನೆತ್ತರಾಗ ಯಾರು ತಂದಿಟ್ರು?’

ಎರಡು ವರ್ಷ ಬಾಯಿಪಾಠ ಮಾಡಿ ಪಾಸಾದದ್ದೆಲ್ಲ
ಕೌಂಟರಿನ ಗಾಜಿನಡಿ ಕೂತು ನನ್ನನ್ನೇ ನೋಡಿತು.
ತಿಂದದ್ದು ಸ್ವಲ್ಪ ಬೇ, ಅಂದೆ,
ಹೆಚ್ಚಿಂದು ಒಳಗ ತಯಾರಾಕ್ಕೈತಿ.
ಬಲಕ್ಕ, ಪಕ್ಕಡಿ ಕೆಳಗ ಲಿವರ್.
ಊರು ಮಲಗಿದ ಮ್ಯಾಲ ಅದರ ದುಡಿತ ಜಾಸ್ತಿ.

‘ಅಂದ್ರ ಮಗ್ಗ,’ ಅಂದಳು. ‘ರಾತ್ರಿ ಪಾಳಿ.’

ಹೂಂ. ಅದರಾಗ ಒಂದು ಕಿಣ್ವ ಅಂತ...
‘ಲಾಳಿ ಅನ್ನು.’
ಲಾಳಿನ ಅಂತೀನಿ. ಈ ಗುಳಿಗಿ ಐತಲ್ಲ,
ಅದರಾಗ ಕೂಡೋ ಕಂಡಿಕಿ ಹಂಗ ಮೈ ಮಾಡ್ಕೊಂಡು ಹೋಗಿ
ಅದರ ಜಾಗಾದಾಗ ಕುಂದರತೈತಿ.
ನೂಲು ಮಾತ್ರ ಬಿಡೂದಿಲ್ಲ.

ಅವಳ ಮುಖದಲ್ಲಿ ಏನೋ ಹಾದುಹೋಯಿತು.
‘ಸೊಸೈಟಿಯವ್ರು ಒಂದ್ಸಲ ಬರೇ ಕೊಳವಿ ಕಳಿಸಿದ್ರು, ತಮ್ಮಾ.
ನಾನು ಬಸುರಿ ಆಗ. ಮಗ್ಗ ನಿಂತ್ವು.
ಮುಚ್ಚಿದ ಬಾಗಲೆಲ್ಲಾ ತಗದ್ವಿ. ಓಣ್ಯಾಗ
ಯಾರ ಕೈಯಾಗ ನೂಲು ಕಂಡ್ರೂ ಕರದು ಒಳಗ ತಗೊಂಡ್ವಿ.
ಎಂಟು ದಿನದಾಗ ಓಣಿ ಖಾಲಿ.’

ನಾನು ಸುಮ್ಮನೆ ನಿಂತೆ.
ಪುಸ್ತಕದಲ್ಲಿ ಅಡಿಗೆರೆ ಎಳೆದಿದ್ದೆ, ತಿಳಿದಿರಲಿಲ್ಲ:
ಗುಳಿಗೆ ನೆತ್ತರನ್ನು ತೊಳೆಯುವುದಿಲ್ಲ.
ಒಳಗೊಂದು ಕೊರತೆ ಹುಟ್ಟಿಸುತ್ತದೆ, ಅಷ್ಟೆ.
ಕೊರತೆಗೆ ಕೈ ಮೂಡುತ್ತವೆ
ಲಿವರಿನ ಮೈತುಂಬ,
ಹರಿದು ಹೋಗುವ ಕೊಬ್ಬನ್ನು ಹಿಡಿದು
ಒಳಗೆ ಕರೆದುಕೊಳ್ಳುತ್ತವೆ.

‘ಪೂರಾ ನಿಲ್ಲಸ್ತೈತೇನು? ನಿಂತ ಮಗ್ಗಕ್ಕ ಗೆದ್ದಲ ಹತ್ತತೈತಿ.’
ಇಲ್ಲ ಬೇ, ಅದೂ ಮೈಗೆ ಬೇಕು,
ಒಂದೊಂದು ಕಣದ ಗ್ವಾಡಿಗೂ.
ಪಾಳಿ ಅಷ್ಟ ಕಡಿಮಿ.

ತೊಡೆ ನೋವಿದ್ದರೆ ಡಾಕ್ಟರಿಗೆ ಹೇಳು ಅಂದೆ, ಕೆಲವರಿಗೆ ಆಗುತ್ತದೆ.
ಅವಳು ಕಾಲು ನೋಡಿಕೊಂಡಳು.
ನಲವತ್ತು ವರ್ಷ ಕುಣಿಯಲ್ಲಿಳಿದು ತುಳಿದ ಕಾಲು.
‘ಯಾವ ನೋವು ಯಾರದು ಅಂತ ಹೆಂಗ ಹೇಳಲಿ?’
ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.
ಹೇಳು ಮಾತ್ರ, ಅಂದೆ ಮತ್ತೆ.

ಹತ್ತರ ಪಟ್ಟಿಯ ಬೆನ್ನನ್ನು ಹೆಬ್ಬೆರಳಿಂದ ಸವರಿದಳು,
ಸೀರೆಯ ಒಡಲು ನೋಡುವ ಹಾಗೆ.
ನಾಲ್ಕು ರೂಪಾಯಿ ಚಿಲ್ಲರೆ ಇರಲಿಲ್ಲ ಇಬ್ಬರಲ್ಲೂ.
ಬರೆದುಕೊಂಡೆ.