ಸದ್ದಿನ ದುಡ್ಡು ಕಳೆದು

ಜೀನ್ಸ್ ಪ್ಯಾಂಟಿಗೆ ಹಿಂಜೇಬು ಹೊಲಿದರೆ
ಒಂದಕ್ಕೆ ಮೂರು ರೂಪಾಯಿ.
ನನ್ನ ಹತ್ತಿರ ಇದ್ದದ್ದು
ಮೂರು ಸಾವಿರದ ಎಂಟುನೂರು ಜೇಬು.
ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ
ಗಾಜಿನ ಕಪಾಟಿನೊಳಗೆ ಕೂತಿದ್ದ ಕ್ಯಾಮರಾ
ಏಳು ಸಾವಿರ ಜೇಬಿಗೂ ಮೇಲೆ.

"ಯಾರ ಮದುವಿ?" ಅಂದ ಚಂಪಾಲಾಲ್.
ಮದುವಿ ಅಲ್ರೀ, ಮಾತು.

ಅಕ್ಕ ಹುಸೇನಮ್ಮಗೆ ಹುಟ್ಟಿನಿಂದ ಕಿವಿ ಕೇಳಿಸವು,
ಮಸ್ಕಿಯಲ್ಲಿ ಭಾವನಿಗೂ ಕೇಳಿಸವು.
ನಮ್ಮ ಮಾತೆಲ್ಲ ಬೆರಳಿನದು;
ಜಗಳಾಡಿದರೆ ಮೊಣಕೈ ತನಕ ನೋಯುವುದು.
ಹೋದ ವರ್ಷ ಯಾರದೋ ಮೊಬೈಲಿನಲ್ಲಿ ಹಿಡಿದು
ಚಿಪ್ಪು ಬಸ್ಸಿಗೆ ಕೊಟ್ಟು ಕಳಿಸಿದ್ದಳು.
ಐದೂ ಬೆರಳು ಕಲಸಿ ಒಂದು ಮುದ್ದೆ ಹಿಟ್ಟು.
ಗದ್ದದ ಕೆಳಗೆ ಎರಡು ಬೆರಳು ಜಾರಿದರೆ
ನಮ್ಮಲ್ಲಿ ಆಡು,
ಮೂರು ಜಾರಿದರೆ ಅವಳ ಮಾವ.
ನಾನು ಎರಡು ಅಂತ ಓದಿದೆ.
"ಸತ್ತರ ಸಾಯ್ಲಿ ಬಿಡು, ಸಂತ್ಯಾಗ ಇನ್ನೊಂದು ತರೂಣು"
ಅಂತ ನಗುತ್ತಾ ಉತ್ತರ ಕಳಿಸಿದೆ.
ಮಣ್ಣು ಕೊಟ್ಟು ಮೂರು ದಿನ ಆಗಿತ್ತು ಅಲ್ಲಿ.

ಅದಕ್ಕೇ ಬಂದಿದ್ದು, ಬೆರಳು ಎಣಿಸಲು ಬರುವಂಥದ್ದು ಬೇಕು.

"ಇದರ ಜೂಮು ನೋಡ್ರಿ,
ಇಲ್ಲಿಂದ ಗುಡ್ಡದ ಮ್ಯಾಲಿನ ಕೋಟಿ ಬಾಗಲಾ ಕಾಣ್ತದ!"
ಕೋಟೆ ಕಟ್ಟಿಕೊಂಡು ಏನು ಮಾಡಲಿ?
ಮಾತಿಗೆ ಎರಡು ಮೊಳ ದೂರ ಸಾಕು.
ಟ್ಯೂಬ್‌ಲೈಟು ಆರಿಸ್ರಿ ಅಂದೆ.
ರಾತ್ರಿ ಪಾಳಿ ಮುಗಿಸಿ
ನಲವತ್ತರ ಬಲ್ಬಿನ ಕೆಳಗೆ ಮಾತಾಡುವವನು ನಾನು.
ಆರಿಸಿದರು.
ಅಗ್ಗದ್ದರಲ್ಲಿ ಕೈ ತುಂಬ ಸಜ್ಜೆ ಚೆಲ್ಲಿದ ಹಾಗೆ ಚುಕ್ಕೆ,
ಕೈ ಬೀಸಿದರೆ ಹಿಂದೊಂದು ಕೈ.
ತುಟ್ಟಿಯದ್ದರಲ್ಲಿ
ಹೆಬ್ಬೆರಳಿನ ನೀಲಿ ಬಣ್ಣದ ಗೆರೆ ಸಹಿತ ಕಂಡಿತು,
ತೊಳೆದರೂ ಹೋಗದ ಜೀನ್ಸಿನ ನೀಲಿ.

"ಧ್ವನಿ ಕೇಳ್ರಿ, ಎರಡು ಮೈಕು, ಸೊಳ್ಳಿ ಹಾಡಿದ್ದೂ ಬರ್ತದ."
ಸದ್ದಿನ ದುಡ್ಡು ಕಳದು ಎಷ್ಟು ಹೇಳ್ರಿ, ಅಂದೆ.
ಕೆಲಸದ ಹುಡುಗ ಗೊಳ್ಳನೆ ನಕ್ಕ.
ಚಂಪಾಲಾಲ್ ನಗಲಿಲ್ಲ.
ಒಳಗೆ ಹೋಗಿ, ಧೂಳು ಕೊಡವಿ,
ಮುಚ್ಚಳವಿಲ್ಲದ ಡಬ್ಬಿಯೊಂದು ತಂದಿಟ್ಟ.
ಸಿರುಗುಪ್ಪದವರು ಬ್ಯಾಂಡ್‌ಸೆಟ್ಟಿನ ಪಕ್ಕ ಇಟ್ಟು
ಮೂರೇ ದಿನಕ್ಕೆ ವಾಪಸ್ ಕೊಟ್ಟದ್ದಂತೆ.
"ಚಿತ್ರ ಬಂಗಾರ. ಮೂಕ ಅಷ್ಟೇ..."
ಅಂದವನೇ ನಾಲಿಗೆ ಕಚ್ಚಿಕೊಂಡ.

ಹನ್ನೆರಡು ಸಾವಿರಕ್ಕೆ ಮುರಿಯಿತು ವ್ಯಾಪಾರ.
ಇನ್ನೂರು ಜೇಬು ಸಾಲ.

ಚೀಲ ನಾನೇ ಹೊಲಿದೆ, ಉಳಿದ ಚೂರಿನಲ್ಲಿ,
ಅದಕ್ಕೊಂದು ಹಿಂಜೇಬು, ಬಿಟ್ಟಿ.
ಕ್ಯಾಮರಾ ಒಂದು, ಊರು ಎರಡು:
ಲಿಂಗಸುಗೂರು ಬಸ್ಸಿನ ಕಂಡಕ್ಟರ್ ವೀರನಗೌಡ
ಮಂಗಳವಾರ ನನ್ನ ಮಾತು ಒಯ್ಯುತ್ತಾನೆ,
ಶುಕ್ರವಾರ ಅವಳದನ್ನು ತರುತ್ತಾನೆ,
ಸಿಂಧನೂರಿನಲ್ಲಿ ಚಹಾ ಕುಡಿಯುವಾಗಲೂ
ಹೆಗಲಿಂದ ಇಳಿಸುವುದಿಲ್ಲ ಅನ್ನುತ್ತಾನೆ, ನಂಬುತ್ತೇನೆ.

ಮೊದಲ ಶುಕ್ರವಾರ
ಅಂಗೈಯಗಲದ ಪರದೆಯಲ್ಲಿ ಅಕ್ಕ ಬಂದಳು.
ಆರಾಮ ಇದ್ದೀವಿ ಅಂದಳು. ಗ್ಯಾಸು ಬಂತು ಅಂದಳು.
ಒಂದೊಂದು ಬೆರಳೂ ಬಿಡಿಬಿಡಿ.
ಅವಳ ಹಿಂದೆ, ಒಲೆಯ ಮೇಲಿನ ಗೋಡೆಗೆ
ಹೊಸ ಮಸಿ, ಇನ್ನೂ ಒದ್ದೆ.
ನಾನು ಕೇಳಲಿಲ್ಲ.
ಆಮೇಲೆ ಅವಳು ಮಾತು ನಿಲ್ಲಿಸಿ
ತನ್ನ ಎಡಗೈ ತೋರುಬೆರಳಿನ ಉಗುರು ಹಿಡಿದು
ಹುಬ್ಬೇರಿಸಿ ಕೂತಳು, ಸುಮ್ಮನೆ,
ಬ್ಯಾಟರಿ ಮುಗಿಯುವ ತನಕ.

ಸೂಜಿ ಇಳಿದ ಆ ಬೆರಳು ಮಡಚಿಟ್ಟೇ ನಾನು ಮಾತಾಡಿದ್ದೆ.
ಒಮ್ಮೆ, ಅವಳ ಹೆಸರು ಹೇಳುವಾಗ,
ಬಿಚ್ಚಿರಬೇಕು.

ನಾಳೆ ಸಾಲ ಕಟ್ಟಲು ಹೋದಾಗ
ಚಂಪಾಲಾಲನನ್ನು ಕೇಳಬೇಕು:
ಇದಕ್ಕಿಂತ ಒಂಚೂರು ಮಸುಕಿಂದು ಸಿಗ್ತದೇನ್ರೀ,
ಕಡಿಮಿ ರೇಟಿಗೆ?