ಷರಾ

ಗೋಬಿಯ ಅಂಚಿನ ನಮ್ಮ ವಸತಿಶಾಲೆಯ ದಾಖಲೆ ಪುಸ್ತಕದಲ್ಲಿ
ಜ್ವರಕ್ಕೊಂದು ಅಂಕಣ, ಕೆಮ್ಮಿಗೊಂದು,
ಹೇನಿಗೊಂದು, ಹಾಸಿಗೆ ಒದ್ದೆಯಾದದ್ದಕ್ಕೊಂದು.
ಹತ್ತೊಂಬತ್ತು ಚಳಿಗಾಲ ತುಂಬಿದ್ದೇನೆ ಇದನ್ನು,
ಒಲೆಗೆ ಕಲ್ಲಿದ್ದಲು ಸುರಿದ ಮಸಿಗೈಯಲ್ಲೇ.
ಕೊನೆಯದು ಷರಾ. ಅಲ್ಲಿ ಯಾರೂ ಏನೂ ಬರೆಯುವುದಿಲ್ಲ.

ಸೆಪ್ಟೆಂಬರಿನಲ್ಲಿ ಬರುತ್ತವೆ ಕುರಿಗಾಹಿಗಳ ಮಕ್ಕಳು
ಬೈಕಿನ ಹಿಂದೆ, ಅಪ್ಪನ ಬೆನ್ನಿಗೆ ಅಂಟಿ.
ಮೊದಲ ವಾರ ಅಳುತ್ತವೆ. ಅಳಲಿ.
ಅಳುವ ಮಗುವಿಗೆ ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟರೆ
ಬಟ್ಟಲಿನೊಳಗೇ ಬಿಕ್ಕಿ, ಆಮೇಲೆ ಕುಡಿಯುತ್ತದೆ.

ನಮೂನ್ ಅಳಲಿಲ್ಲ.
ಒಂಬತ್ತು ವರ್ಷ. ನಮ್ಮ ಮಾತಿನಲ್ಲಿ ಆ ಹೆಸರಿಗೆ ಶಾಂತ ಎಂದೇ ಅರ್ಥ,
ಹೆಸರಿಗೆ ತಕ್ಕ ಹುಡುಗಿ ಎಂದೆವು. ಮುಗಿಯಿತು.
ಹೊಟ್ಟೆನೋವೆಂದಳು ಮೂರು ಸಲ. ಜ್ವರ: ಸೊನ್ನೆ ಎಂದು ಬರೆದೆ.
ಎಷ್ಟು ದುಂಡಗೆ ಕೂತಿತ್ತು ಆ ಸೊನ್ನೆ.

ನವೆಂಬರಿನಲ್ಲಿ ಅವಳ ಚೀಲದ ಕುರಿಗಾಲಿನ ಗಿಣ್ಣುಮೂಳೆಗಳು
(ಅಜ್ಜ ಬೇಯಿಸಿ, ಕೆರೆದು, ನುಣ್ಣಗೆ ಮಾಡಿಕೊಟ್ಟವು, ನಲವತ್ತೋ ಏನೋ)
ಒಂದೊಂದಾಗಿ ಬೇರೆ ಮಕ್ಕಳ ಜೇಬಿನಲ್ಲಿ ಕಾಣತೊಡಗಿದವು.
ಕದ್ದಿರಾ ಎಂದು ಗದರಿದೆ.
ಇಲ್ಲ, ಅವಳೇ ಕೊಟ್ಟಳು. ಬೇಡವಂತೆ.
ಗಣಿತದ ಮೇಷ್ಟ್ರು ಅವಳನ್ನು ಎಬ್ಬಿಸಿ ನಿಲ್ಲಿಸಿ
ಉದಾರ ಮನಸ್ಸೆಂದು ಚಪ್ಪಾಳೆ ತಟ್ಟಿಸಿದರಂತೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ಕೊಡುವ ಮಗುವಿಗೆ ಒಂದು ಮುಖವಿರುತ್ತದೆ, ಕೊಟ್ಟ ಕೂಡಲೇ ಅರಳುವುದು.
ಇವಳದು
ಗುಡಾರ ಬಿಚ್ಚಿ ಹೋದ ಮೇಲೆ
ಹುಲ್ಲಿನಲ್ಲಿ ಉಳಿಯುವ ವೃತ್ತ.

ಫೋನಿನಲ್ಲಿ ತಾಯಿ: ಏನು ಕಡಿಮೆಯಾಗಿದೆ ಅವಳಿಗೆ?
ಈ ಸಲ ಕುರಿ ಸಾಯಲಿಲ್ಲ, ಅಪ್ಪ ಕುಡಿಯುವುದಿಲ್ಲ,
ಬೈದವರಿಲ್ಲ, ಹೊಡೆದವರಿಲ್ಲ.
ನಿಜ. ನಾನೂ ಹುಡುಕಿದ್ದೆ,
ಮುಳ್ಳು ಸಿಕ್ಕರೆ ಕಿತ್ತುಬಿಡಬಹುದಲ್ಲ ಎಂದು. ಸಿಗಲಿಲ್ಲ.

ಅವಳ ಮಂಚದ ಅಂಚಿನಲ್ಲಿ ಕೂತೆ. ಯಾಕೆ ಎಂದು ಕೇಳಲಿಲ್ಲ.
ಯಾರದೋ ಹರಿದ ಕಾಲುಚೀಲ ಹೊಲಿದೆ,
ಮರುದಿನ ಇನ್ನೊಂದು. ನಾಲ್ಕನೆಯ ರಾತ್ರಿ
ಗೋಡೆಗೆ ಮುಖ ಮಾಡಿಕೊಂಡೇ ಅಂದಳು:
"ದುಲ್ಮಾ ಅಕ್ಕ, ನನ್ನೊಳಗೆ ಯಾರೂ ಇಲ್ಲ.
ಬೆಳಿಗ್ಗೆ ಏಳದಿದ್ದರೂ ಆಗುತ್ತೆ."
ಸೂಜಿ ಬೆರಳಿಗಿಳಿಯಿತು.
"ನಾನಿದ್ದೇನೆ. ಇಲ್ಲಿ, ಹೊರಗೆ" ಎಂದೆ. ಪೆದ್ದು ಮಾತು.
ಬೆಳಗಾಗುವ ತನಕ ಅಲ್ಲೇ ಇದ್ದೆ, ಆಮೇಲೆ ಜೀಪು ಕೇಳಲು ಓಡಿದೆ.

ನೂರೆಂಬತ್ತು ಕಿಲೋಮೀಟರು, ಹಿಮದ ಮೇಲೆ, ಹಳೇ ರಷ್ಯನ್ ಜೀಪು.
ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು,
ಬಣ್ಣದ ಕಡ್ಡಿ ಹಿಡಿದು ಅವಳ ಜೊತೆ ನೆಲದ ಮೇಲೆ ಕೂತಳು.
ಆಮೇಲೆ ನನಗೆ ಹೇಳಿದಳು: ಮಕ್ಕಳಿಗೂ ಬರುತ್ತದೆ ಇದು,
ಹೊಟ್ಟೆನೋವಿನ ವೇಷದಲ್ಲಿ, ಸಿಟ್ಟಿನ ವೇಷದಲ್ಲಿ,
ಒಳ್ಳೆಯ ಹುಡುಗಿಯ ವೇಷದಲ್ಲಿ ಕೂಡ.
ಆ ದುಂಡು ಸೊನ್ನೆ ನೆನಪಾಗಿ ತಲೆ ತಗ್ಗಿಸಿದೆ.
ಎರಡು ವಾರಕ್ಕೊಮ್ಮೆ ಅದೇ ದಾರಿ. ತಾಯಿಯೂ ಬಂದಳು,
ನನ್ನ ಕೋಣೆಯಲ್ಲೇ ತಿಂಗಳಿದ್ದಳು,
ಮೊದಲು ವಾದಿಸುತ್ತ, ಆಮೇಲೆ ಸುಮ್ಮನೆ ಮಗಳ ತಲೆ ಬಾಚುತ್ತ.

ಫೆಬ್ರವರಿ. ಕಿಟಕಿಯ ಒಳಮೈಗೂ ಹಿಮ.
ಮಕ್ಕಳು ಕಂಬಳಿಯ ಮೇಲೆ ಮೂಳೆ ಎರಚಿ ಆಡುತ್ತಿದ್ದವು.
ನಾಲ್ಕು ಮಗ್ಗುಲು: ಒಂಟೆ, ಕುರಿ, ಮೇಕೆ, ಕುದುರೆ;
ಕುದುರೆ ಬಿದ್ದರೆ ಮುಂದಕ್ಕೆ.
ಮಂಚದಿಂದ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಜಿಗಿದು
"ಮೋಸ! ಮೇಕೆ ಅದು! ಬೆರಳಲ್ಲಿ ಹೊರಳಿಸಿದೆ ನೀನು!
ಅದು ನಂದು, ಕೊಡಿಲ್ಲಿ!"
ಜಡೆ ಹಿಡಿದು ಎಳೆದೂಬಿಟ್ಟಳು.
ಬಿಡಿಸಬೇಕಿತ್ತು ನಾನು.
ಸ್ವಲ್ಪ ತಡವಾಗಿ ಬಿಡಿಸಿದೆ.

ಮರುದಿನ ಮತ್ತೆ ಗೋಡೆಯ ಕಡೆಗೇ ಮುಖ. ಇರಲಿ.
ಆ ರಾತ್ರಿಯ ಪುಟ ಪುಸ್ತಕದಲ್ಲಿದೆ:
ಜ್ವರ ಇಲ್ಲ. ಕೆಮ್ಮು ಇಲ್ಲ.
ಷರಾ: ನಮೂನ್ ಜಗಳವಾಡಿದಳು. ಒಂದು ಮೂಳೆ ವಾಪಸು.